ಕಲ್ನಾರಿನ ಗೋದಾಮು, ಮಹಾಂತೇಶನ ಗಡ್ಡ

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಆ ಕಟ್ಟಡಕ್ಕೆ ಕಳೆದ ತಿಂಗಳು ಮತ್ತೆ ಹೋಗಬೇಕಾಯಿತು. ಈಗ ಅದು ಗೋದಾಮಲ್ಲ, ಗಾಜಿನ ಗೋಡೆಯ ಬಯೋಟೆಕ್ ಲ್ಯಾಬು. ಬಾಗಿಲಲ್ಲಿ ಕುಂಡದ ಗಿಡಗಳು, ಒಳಗೆ ಕಾಫಿ ಯಂತ್ರ, ಮೆಟ್ಟಿಲ ಮೇಲೆ ಕುಳಿತು ಹರಟುತ್ತಿದ್ದ ಬಿಳಿ ಕೋಟಿನ ಹುಡುಗರು. ಹಿಂಬದಿಯ ಕೋಣೆಯೊಂದರಲ್ಲಿ ನೀರಿನ ಪೈಪು ಒಡೆದಿತ್ತು. ನೆಲ ಅಗೆಯುವ ಮೊದಲು ಗಾಳಿ ಪರೀಕ್ಷೆ ಮಾಡಿಕೊಡಿ ಎಂದು ಕರೆದಿದ್ದರು. ಬಾಗಿಲಿಗೆ ಕಟ್ಟಿದ್ದ ಪ್ಲಾಸ್ಟಿಕ್ ಪರದೆ ಸರಿಸಿದೆ. ಒದ್ದೆ ಸಿಮೆಂಟು, ಒದ್ದೆ ಪ್ಲಾಸ್ಟಿಕ್ಕು, ಅಂಟುಪಟ್ಟಿಯ ಗೋಂದು ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ನನ್ನ ಕಾಲು ಅಲ್ಲೇ ನಿಂತಿತು. ಒಳಗೆ ಹೋಗದೆ ಹೊರಗೆ ಬಂದು ಕಾರಿನಲ್ಲಿ ಸ್ವಲ್ಪ ಹೊತ್ತು ಕುಳಿತೆ. ಮಹಾಂತೇಶನ ಗಡ್ಡದ ಮಳೆಗಾಲದ ವಾಸನೆ ಅದು. ಮರೆತಿದ್ದೇನೆ ಅಂದುಕೊಂಡಿದ್ದೆ.

ನನ್ನ ಕೆಲಸ ಏನೆಂದು ಊರಿನವರಿಗೆ ವಿವರಿಸುವುದು ಕಷ್ಟ. ಗಾಳಿ ಅಳೆಯುತ್ತೇನೆ ಎಂದರೆ ಮೈಸೂರಿನಲ್ಲಿ ನಮ್ಮ ಮನೆಯವರೇ ನಗುತ್ತಾರೆ. ಹಳೆಯ ಕಟ್ಟಡ ಕೆಡವುವ ಮೊದಲು ಅದರೊಳಗಿನ ಕಲ್ನಾರನ್ನು, ಅಂದರೆ ಆಸ್‌ಬೆಸ್ಟಾಸನ್ನು, ಕಿತ್ತು ತೆಗೆಯಬೇಕು. ಕೀಳುವಾಗ ಏಳುವ ದೂಳು ಕಣ್ಣಿಗೆ ಕಾಣದು, ಮೂಗಿಗೆ ಬಡಿಯದು, ಒಳಗೆ ಹೋದದ್ದು ಹೊರಗೆ ಬಾರದು. ಪುಪ್ಪುಸದಲ್ಲಿ ಕೂತು ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಲೆಕ್ಕ ಕೇಳುತ್ತದೆ. ಆ ದೂಳು ಎಷ್ಟಿದೆ ಎಂದು ಪಂಪು ಹಚ್ಚಿ ಅಳೆಯುವುದು, ಒಳಗೆ ಹೋಗುವವರ ಮುಖಕ್ಕೆ ಮಾಸ್ಕು ಸರಿಯಾಗಿ ಕೂರುತ್ತದೆಯೋ ಎಂದು ಪರೀಕ್ಷಿಸುವುದು ನನ್ನ ಕೆಲಸ. ಜನರಿಗೆ ಬೇಡ ಎನ್ನುವುದೇ ಕಸುಬಾದ ಮೇಲೆ ನಾಲಿಗೆ ಸಿಹಿಯಾಗಿ ಉಳಿಯುವುದು ಹೇಗೆ? ನನ್ನನ್ನು ಜಗಳಗಂಟಿ ಎನ್ನುತ್ತಾರೆ. ಅನ್ನಲಿ.

ಆ ವರ್ಷ ಮಳೆ ಬೇಗ ಹಿಡಿಯಿತು. ಇಲ್ಲಿ ಮಳೆಗಾಲವೆಂದರೆ ಚಳಿಗಾಲವೇ. ನವೆಂಬರಿನಿಂದ ಕೊಲ್ಲಿಯ ಕಡೆಯಿಂದ ಬೂದಿ ಬಣ್ಣದ ಮೋಡ ಬಂದು ಫ್ರೀವೇ ಮೇಲೆ ಕೂತರೆ ಏಳುವುದೇ ಇಲ್ಲ. ಗೋದಾಮು ಒಂದು ಕಾಲಕ್ಕೆ ಬಣ್ಣದ ಡಬ್ಬಗಳನ್ನಿಡುವ ಜಾಗವಾಗಿತ್ತಂತೆ. ಮಾಡಿಗೆ ಕಲ್ನಾರಿನ ಶೀಟು, ಬಾಯ್ಲರಿನ ಪೈಪುಗಳಿಗೆ ಕಲ್ನಾರಿನ ಹೊದಿಕೆ, ನೆಲದ ಹಾಸಿನಲ್ಲೂ ಅದೇ. ಕೆಲಸದವರು ಒಳಗೆಲ್ಲ ಎರಡು ಪದರ ಪ್ಲಾಸ್ಟಿಕ್ ಕಟ್ಟಿದರು. ಗಾಳಿಯನ್ನು ಸೋಸಿ ಹೊರಗೆಳೆಯುವ ಯಂತ್ರಗಳು ಹಗಲೆಲ್ಲ ಗೊರಗುಡುತ್ತಿದ್ದವು. ಅವು ಎಳೆಯುವ ರಭಸಕ್ಕೆ ಪ್ಲಾಸ್ಟಿಕ್ ಗೋಡೆಗಳು ಹೊಟ್ಟೆ ಒಳಗೆಳೆದುಕೊಂಡಂತೆ ಬಿಗಿದಿರುತ್ತಿದ್ದವು. ಹೊರಗೆ ಬರುವವರು ಮೊದಲ ಕೋಣೆಯಲ್ಲಿ ಬಟ್ಟೆ ಕಳಚಿ, ನಡುವಿನದರಲ್ಲಿ ಸ್ನಾನ ಮಾಡಿ, ಕೊನೆಯದರಲ್ಲಿ ತಮ್ಮ ಬಟ್ಟೆ ತೊಡಬೇಕು. ಮಡಿ ಹುಡಿಯ ಮನೆಯಲ್ಲಿ ಬೆಳೆದ ನನಗೆ ಇದೇನೂ ಹೊಸದಲ್ಲ.

ಮಹಾಂತೇಶ ಅಲ್ಲಿಗೆ ಸೈಟ್ ಎಂಜಿನಿಯರಾಗಿ ಬಂದ. ಗದಗದವನು. ಮೂವತ್ತೈದರ ಒಳಗಿನ ಪ್ರಾಯ, ಎತ್ತರದ ಆಳು, ಎದೆಯ ಮಟ್ಟಕ್ಕೆ ಇಳಿಯಲು ಹೊರಟಿದ್ದ ಗುಂಗುರು ಗಡ್ಡ. ಗೋಡೆ ಕೆಡವುವ ಮೊದಲು ಒಳಹೊಕ್ಕು ಕಂಬ, ತೊಲೆ ನೋಡಿ ಬರಬೇಕಾದವನು ಅವನೇ. ನನ್ನ ಹೆಸರು ಕೇಳಿದ್ದೇ, "ಕನ್ನಡದವ್ರೇನ್ರಿ?" ಎಂದು ಕುಣಿದು, ಐದೇ ನಿಮಿಷದಲ್ಲಿ ನನ್ನನ್ನು "ಅಕ್ಕಾರ" ಮಾಡಿಕೊಂಡ.

"ಇದರಾಗ ಏನ್ ಅಂಜೂದು ಐತ್ರಿ ಅಕ್ಕಾರ? ನಮ್ಮ ಬಚ್ಚಲಮನಿ ಮ್ಯಾಲೆ ಇದ ಶೀಟ್ ಐತಿ. ಮಂಗ್ಯಾ ಜಿಗದು ಒಡದ್ರ ನಾನ ಹತ್ತಿ ಗರಗಸದ್ಲೆ ಕೊಯ್ದು ಹೊಸಾದು ಹಾಕೀನಿ" ಎಂದ.

ನಿಜವೇ. ನಾವೆಲ್ಲ ಅದನ್ನು ಸಿಮೆಂಟ್ ಶೀಟು ಎಂದು ಕರೆದು ಅದರ ಕೆಳಗೇ ಉಂಡು ಮಲಗಿ ದೊಡ್ಡವರಾದವರು. ಇಲ್ಲಿ ಅದನ್ನು ಮುಟ್ಟುವವರು ಚಂದ್ರಲೋಕಕ್ಕೆ ಹೋಗುವವರ ಹಾಗೆ ವೇಷ ತೊಡುವುದನ್ನು ಕಂಡರೆ ನಮ್ಮವರಿಗೆ ನಗು ಬರುತ್ತದೆ. ನನಗೆ ಆ ನಗು ಕಂಡರೆ ಸಿಟ್ಟು ಬರುತ್ತದೆ. "ಬಾ, ನಿನ್ನ ಮಾಸ್ಕು ನೋಡೋಣ" ಎಂದೆ.

ಪರೀಕ್ಷೆ ಸುಲಭದ್ದು. ಮಾಸ್ಕು ಹಾಕಿಸಿ, ತಲೆಗೊಂದು ಮುಸುಕು ಕವಿಸಿ, ಅದರೊಳಗೆ ಕಹಿ ಹನಿ ಸಿಂಪಡಿಸುವುದು. ಮಾಸ್ಕು ಗಲ್ಲಕ್ಕೆ ಬಿಗಿಯಾಗಿ ಕೂತಿದ್ದರೆ ಕಹಿ ಗೊತ್ತಾಗುವುದಿಲ್ಲ.

"ಕಹಿ ಬಂತಾ?"

"ಬೇವಿನ ಕಷಾಯ ಕುಡದಂಗ ಆತ್ರಿ."

"ಗಡ್ಡ ತೆಗಿ, ಆಮೇಲೆ ಒಳಗೆ ಬಿಡ್ತೀನಿ."

ಮುಸುಕು ತೆಗೆದ ಮುಖ ಬಾಡಿತ್ತು. "ಅದೊಂದು ಆಗೂದಿಲ್ರಿ ಅಕ್ಕಾರ. ನನ್ನ ಹೆಂಡ್ತಿಗೆ ಐದು ತಿಂಗಳು."

ಬಸುರಿಯ ಗಂಡ ಕ್ಷೌರ ಮಾಡಿಸಬಾರದು, ತೆಂಗಿನಕಾಯಿ ಒಡೆಯಬಾರದು, ಹೆಣ ಹೊರಬಾರದು. ನಮ್ಮ ಕಡೆಯೂ ಇದೆ. ನನ್ನ ಭಾವನೂ ಅಕ್ಕನ ಹೆರಿಗೆಯವರೆಗೆ ಕರಡಿಯ ಹಾಗೆ ತಿರುಗಿದವನೇ. "ಕಾಯಿ ಒಡೀಬಾರದು, ಗೋಡೆ ಒಡೀಬಹುದಾ?" ಎಂದು ಚುಚ್ಚಿದೆ. ಅವನು ನಗಲಿಲ್ಲ. ಎರಡು ವರ್ಷದ ಹಿಂದೆ ಆರನೆಯ ತಿಂಗಳಲ್ಲಿ ಒಂದು ಕೂಸು ಹೋಗಿತ್ತು. ಆಗ ಅವನು ದಿನಾ ಗಡ್ಡ ಹೆರೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದ. ಈ ಸಲ ತಾಯಿ ನೀಲವ್ವ ಗದಗದಿಂದ ಬಂದು ನಿಂತಿದ್ದಾರೆ. ಹೆರಿಗೆಯಾಗುವ ತನಕ ಬ್ಲೇಡು ಮುಟ್ಟಿಸಕೂಡದು ಎಂದು ಮನೆದೇವರ ಆಣೆ ಹಾಕಿದ್ದಾರೆ.

ನಾನು ಮನಸ್ಸು ಕರಗುವ ಪೈಕಿಯವಳಲ್ಲ. ಗಡ್ಡ ಇರುವ ತನಕ ಪ್ಲಾಸ್ಟಿಕ್ಕಿನ ಒಳಗೆ ಕಾಲಿಡಕೂಡದು ಎಂದೆ. ಅವನ ಮೇಲಿನವರು ಗೊಣಗಿ, ಕೊನೆಗೆ ಒಪ್ಪಿದರು. ಒಳಗಿನದನ್ನು ಮೇಸ್ತ್ರಿ ಹೆಕ್ಟರ್ ಫೋಟೋ ತೆಗೆದು ತಂದು ತೋರಿಸುವುದು, ಮಹಾಂತೇಶ ಹೊರಗೆ ಕೂತು ನೋಡುವುದು ಎಂದಾಯಿತು. ಹೆಕ್ಟರ್ ಐವತ್ತರ ಮೇಲಿನ ಮೆಕ್ಸಿಕೋದವನು, ಮೆದು ಮಾತಿನವನು. ಮಹಾಂತೇಶನ ಹೆಂಡತಿಗೆಂದು ಪ್ರತಿ ಶುಕ್ರವಾರ ಹುಣಸೆಹಣ್ಣಿನ ಮಿಠಾಯಿ ತಂದುಕೊಡುತ್ತಿದ್ದ.

ಸಂಕ್ರಾಂತಿಗೆ ಅವರ ಮನೆಗೆ ಊಟಕ್ಕೆ ಕರೆದರು. ವಾಲ್ನಟ್ ಕ್ರೀಕಿನಲ್ಲಿ ರೈಲು ಸ್ಟೇಷನ್ನಿನ ಹತ್ತಿರದ ಅಪಾರ್ಟ್‌ಮೆಂಟು. ಹೆಂಡತಿ ಸ್ಮಿತಾ ಬೆಂಗಳೂರಿನವಳು, ಒಂದು ಬಯೋಟೆಕ್ ಕಂಪನಿಯಲ್ಲಿ ವಿಜ್ಞಾನಿ. ಏಳನೆಯ ತಿಂಗಳು ತುಂಬುತ್ತಿತ್ತು. ಹೋದ ಸಲ ದಾಟದ ಗಡಿ ದಾಟಿದ್ದಕ್ಕೋ ಏನೋ, ಮುಖದಲ್ಲಿ ಗೆಲುವಿತ್ತು. ನೀಲವ್ವ ತೆಳ್ಳಗಿನ ಹೆಂಗಸು, ಹಣೆ ತುಂಬ ವಿಭೂತಿ. ನನ್ನ ಕೈಗೆ ಕುಸುರೆಳ್ಳು ಹಾಕಿ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು. ನನ್ನ ಮಗನ ಗಡ್ಡದ ಸುದ್ದಿಗೆ ಬಂದಾಕಿ ನೀನ ಏನವಾ?" ಎಂದರು.

"ನಾನೇ ಅಮ್ಮ. ನಿಮ್ಮ ಮಗನ ಪುಪ್ಪುಸದ ಸುದ್ದಿಗೂ ಬಂದಿದೀನಿ."

"ಭಾಳ ಚಲೋ ಆತು. ಎರಡೂ ಉಳಸು" ಎಂದು ಬಿಸಿ ರೊಟ್ಟಿ ಹಾಕಿದರು.

ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಸ್ಮಿತಾಳನ್ನು ಕೇಳಿದೆ, ನೀನು ಇದನ್ನೆಲ್ಲ ನಂಬುತ್ತೀಯಾ ಎಂದು. ಅವಳು ತಟ್ಟೆ ಒರೆಸುತ್ತ, "ನಂಬಲ್ಲ ಅಕ್ಕ. ಆದ್ರೆ ತೆಗೀರಿ ಅಂತ ಹೇಳೋ ಧೈರ್ಯಾನೂ ಇಲ್ಲ. ಇನ್ನೆರಡು ತಿಂಗಳು ತಾನೆ, ಇರ್ಲಿ ಬಿಡಿ" ಎಂದಳು. ನಾನು ಇನ್ನೊಂದು ತಟ್ಟೆ ತೆಗೆದು ಒರೆಸತೊಡಗಿದೆ.

ಅದಾದ ಮುಂದಿನ ವಾರವೇ ದೊಡ್ಡ ಗಾಳಿಮಳೆ ಬಂತು. ಮಧ್ಯಾಹ್ನದ ಹೊತ್ತು. ಕೆಲಸದವರೆಲ್ಲ ಊಟಕ್ಕೆ ಹೋಗಿದ್ದರು. ಹೆಕ್ಟರ್ ಮಾತ್ರ ಒಬ್ಬ ಜೊತೆಗಾರನೊಂದಿಗೆ ಒಳಗೆ ಪೈಪಿನ ಹೊದಿಕೆ ಕೀಳುತ್ತಿದ್ದ. ಇದ್ದಕ್ಕಿದ್ದಂತೆ ಕರೆಂಟು ಹೋಯಿತು. ಗೊರಗುಡುತ್ತಿದ್ದ ಯಂತ್ರಗಳು ನಿಂತವು. ಬಿಗಿದಿದ್ದ ಪ್ಲಾಸ್ಟಿಕ್ ಗೋಡೆಗಳು ಸಡಿಲಾಗಿ ಜೋತುಬಿದ್ದವು. ನಾನು ಹೊರಗಡೆ ಪಂಪುಗಳ ಬಳಿ ಇದ್ದೆ. ಒಳಗೆ ಏನೋ ದೊಡ್ಡದು ಕುಸಿದ ಸದ್ದು, ಹಿಂದೆಯೇ ಹೆಕ್ಟರನ ಕೂಗು. ಜೊತೆಗಾರ ಓಡಿ ಬಂದು, ಕತ್ತಲಲ್ಲಿ ಅಟ್ಟಣೆ ಬಿದ್ದು ಹೆಕ್ಟರ್ ಪೈಪಿನ ಕೆಳಗೆ ಸಿಕ್ಕಿದ್ದಾನೆ, ಒಬ್ಬನ ಕೈಲಿ ಎತ್ತಲಾಗದು ಎಂದು ಅಳತೊಡಗಿದ.

ಮಹಾಂತೇಶ ಸ್ನಾನದ ಕೋಣೆಯ ಬಾಗಿಲಲ್ಲೇ ಇದ್ದ. ಗೋಡೆಗೆ ತೂಗುಹಾಕಿದ್ದ ಮಾಸ್ಕೊಂದನ್ನು ಎಳೆದು ಗಡ್ಡದ ಮೇಲೆಯೇ ಬಿಗಿದುಕೊಂಡ. "ಮಹಾಂತೇಶ, ಬೇಡ! ಅಗ್ನಿಶಾಮಕದವರು ಬರ್ತಾರೆ!" ಎಂದು ಕೂಗಿದೆ. ಅವನು ತಿರುಗಿಯೂ ನೋಡಲಿಲ್ಲ. ಜೊತೆಗಾರನನ್ನು ಎಳೆದುಕೊಂಡು ಒಳಗೆ ನುಗ್ಗಿದ.

ಹೊರಗೆ ಬಂದಾಗ ಹೆಕ್ಟರ್ ಅವನ ಹೆಗಲ ಮೇಲಿದ್ದ. ಪಕ್ಕೆಲುಬು ಮುರಿದಿತ್ತು, ಪ್ರಾಣಕ್ಕೆ ಅಪಾಯವಿರಲಿಲ್ಲ. ಮಹಾಂತೇಶನ ಮಾಸ್ಕು ಎಲ್ಲೋ ಜಾರಿ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಗಡ್ಡದ ತುಂಬ, ಕಿವಿಯ ತನಕ, ಬೂದು ಬಣ್ಣದ ಒದ್ದೆ ಹಿಟ್ಟು. ನಾಟಕದ ಮುದುಕನ ಪಾತ್ರಕ್ಕೆ ಬಣ್ಣ ಹಚ್ಚಿದ ಹಾಗಿದ್ದ. ನಾನು ಆ ಹೊತ್ತಿನಲ್ಲಿ ಹೆದರಿದಷ್ಟು ಈ ಕಸುಬಿನಲ್ಲಿ ಯಾವತ್ತೂ ಹೆದರಿಲ್ಲ.

ಹೆಕ್ಟರನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಮಹಾಂತೇಶನನ್ನು ಸ್ನಾನಕ್ಕೆ ನೂಕಿದೆ. ಪರದೆಯ ಈಚೆ ನಿಂತು, ಮತ್ತೆ ಸೋಪು ಹಚ್ಚು, ಮತ್ತೆ ತೊಳಿ ಎಂದು ಹೇಳುತ್ತಲೇ ಇದ್ದೆ. ನೀರು ತಣ್ಣಗೆ ಕೊರೆಯುತ್ತಿತ್ತು. ಅವನ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

"ಎಲ್ಲಾ ಹೋತೇನ್ರಿ ಅಕ್ಕಾರ?" ಎಂದು ಒಳಗಿನಿಂದ ಕೇಳಿದ.

"ನಿಯಮದ ಪ್ರಕಾರ ಇಷ್ಟು ತೊಳೆದ್ರೆ ಸಾಕು."

"ನಿಯಮ ಕೇಳಲಿಲ್ರಿ. ಮನ್ಯಾಗ ಬಸುರಿ ಅದಾಳ. ಈ ಗಡ್ಡ ಹೊತ್ಕೊಂಡು ಅಕೀ ಬಾಜೂಕ ಮಲಗಬೌದೇನು?"

ಅತ್ತ ದರಿ, ಇತ್ತ ಪುಲಿ. ತೆಗೆದರೆ ಅವ್ವನ ಆಣೆ, ಉಳಿಸಿಕೊಂಡರೆ ಗುಂಗುರಿನ ಬುಡದಲ್ಲಿ ಎಲ್ಲಿ ಏನು ಉಳಿದಿದೆಯೋ ಯಾರು ಬಲ್ಲರು. ಯಾವ ಕೂಸಿಗೆಂದು ಗಡ್ಡ ಬಿಟ್ಟಿದ್ದನೋ ಆ ಕೂಸಿನ ಹತ್ತಿರಕ್ಕೇ ಗಡ್ಡ ದೂಳನ್ನು ಹೊತ್ತೊಯ್ಯುವ ಹಾಗಾಗಿತ್ತು. "ನಾನಾಗಿದ್ರೆ ತೆಗೀತಿದ್ದೆ" ಎಂದೆ. ಕೊನೆಯ ಕೋಣೆಯಲ್ಲಿ ಕುರುಚಲು ಗಡ್ಡದವರಿಗೆಂದು ಅಗ್ಗದ ರೇಜರುಗಳ ಡಬ್ಬ ಇಟ್ಟಿರುತ್ತೇವೆ. ಅದರಿಂದ ನಾಲ್ಕೈದು ತೆಗೆದು ಪರದೆಯ ಸಂದಿಯಿಂದ ಕೊಟ್ಟೆ. ಈ ಮಾತಿಗೆ ನನಗೆ ಪಶ್ಚಾತ್ತಾಪವಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಅವನನ್ನು ನಾನೇ ಕಾರಿನಲ್ಲಿ ಮನೆಗೆ ಕರೆದೊಯ್ದೆ. ಸೇತುವೆಯ ಮೇಲೆ ಮಳೆಯಲ್ಲಿ ಟ್ರಾಫಿಕ್ಕು ತೆವಳುತ್ತಿತ್ತು. ಅವನು ದಾರಿಯುದ್ದಕ್ಕೂ ಗಲ್ಲ ಮುಟ್ಟಿಕೊಳ್ಳುತ್ತ ಕೂತಿದ್ದ. ಅಲ್ಲಲ್ಲಿ ಕೊಯ್ದು ರಕ್ತ ಬಂದಿತ್ತು. ಬಾಗಿಲು ತೆರೆದ ನೀಲವ್ವ ಮಗನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ನಡೆದದ್ದನ್ನೆಲ್ಲ ನಾನೇ ಹೇಳಿದೆ. ಸ್ಮಿತಾ ಅವನ ಕೆನ್ನೆ ಸವರಿ, "ಒಳ್ಳೇದೇ ಆಯ್ತು, ಗುರುತು ಸಿಕ್ತು" ಎಂದು ನಕ್ಕಳು. ನೀಲವ್ವ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟರು.

ಫೆಬ್ರವರಿಯ ಕೊನೆಗೆ ಕಲ್ನಾರು ಕೀಳುವುದು ಮುಗಿಯಿತು. ಖಾಲಿ ಗೋದಾಮಿನಲ್ಲಿ ಫ್ಯಾನು ಹಚ್ಚಿ, ಮೂಲೆಮೂಲೆಯ ಗಾಳಿ ಹಿಡಿದು, ಚೊಕ್ಕಟವಾಗಿದೆ ಎಂದು ಸಹಿ ಹಾಕಿದೆ. ಮರುದಿನ ದೊಡ್ಡ ಯಂತ್ರಗಳು ಬಂದು ಗೋಡೆ ಕಚ್ಚತೊಡಗಿದವು. ಮಹಾಂತೇಶ ಹಳದಿ ಟೊಪ್ಪಿಗೆಯಲ್ಲಿ ನಿಂತು ಕೈ ಮಾಡಿ ಅವುಗಳಿಗೆ ದಾರಿ ತೋರಿಸುತ್ತಿದ್ದ. ಅವನಿಗೆ ಫೋನು ಬಂದದ್ದು ಆಗಲೇ. ಬೆಳಗಿನಿಂದ ಮಗು ಅಲುಗಿಲ್ಲ ಎಂದು ಸ್ಮಿತಾ ಹೇಳಿದಳಂತೆ. ಅವನು ಟೊಪ್ಪಿಗೆಯಲ್ಲೇ ಓಡಿದ.

ಹೆಣ್ಣು ಕೂಸು, ಹೊಟ್ಟೆಯಲ್ಲೇ ಹೋಗಿತ್ತು. ದಿನ ತುಂಬಲು ಸ್ವಲ್ಪವೇ ಇತ್ತು. ಹೊಕ್ಕುಳಬಳ್ಳಿ ಗಂಟುಬಿದ್ದಿತ್ತು, ಯಾರ ಕೈಲೂ ತಡೆಯುವುದು ಸಾಧ್ಯವಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದರಲ್ಲಿ ಗಡ್ಡದ ಪಾಲೂ ಇರಲಿಲ್ಲ, ಕಲ್ನಾರಿನ ಪಾಲೂ ಇರಲಿಲ್ಲ. ಅದನ್ನು ಎಲ್ಲರೂ ಕೇಳಿಸಿಕೊಂಡರು, ತಲೆಯಾಡಿಸಿದರು.

ಆಸ್ಪತ್ರೆಗೆ ಹೋದಾಗ ಸ್ಮಿತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಹಾಂತೇಶ ಹಾಲು ತಂದರೆ ಕಣ್ಣು ಮುಚ್ಚಿಕೊಂಡಳು. ಅವನು ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದು, "ಅಕ್ಕ, ಸಂಬಂಧ ಇಲ್ಲ ಅಂತ ನನಗೆ ಗೊತ್ತು. ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದ್ರೆ ಇವರ ಮುಖ ನೋಡೋಕೆ ಆಗ್ತಿಲ್ಲ. ಆ ನುಣ್ಣನೆ ಕೆನ್ನೆ ಕಂಡ್ರೆ ಮೈಯೆಲ್ಲ ಉರಿಯುತ್ತೆ" ಎಂದಳು. ಅವಳ ಕೈ ಹಿಡಿದುಕೊಂಡೇ ನಾನು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೂ ಹಾಗೇ ನಡೆಯಿತು. ಅವನು ನಡುಮನೆಯಲ್ಲಿ ಮಲಗುತ್ತಿದ್ದ. ಮತ್ತೆ ಗಡ್ಡ ಬಿಡಲು ಹೊರಟ. ಅದನ್ನು ಕಂಡು ಅವಳು ಇನ್ನಷ್ಟು ಕೆರಳಿದಳು. ಬೆಂಗಳೂರಿಗೆ ಹೋಗಿಬಿಡುತ್ತೇನೆ, ತಿರುಗಿ ಬರುವುದಿಲ್ಲ ಎಂದು ಟಿಕೆಟ್ಟು ನೋಡತೊಡಗಿದಳು. ಒಂದು ಭಾನುವಾರ ನಾನು ಸಾರು ಅನ್ನ ತೆಗೆದುಕೊಂಡು ಹೋಗಿದ್ದೆ. ಊಟದ ಮೇಜಿನ ಬಳಿ ಮಾತಿಗೆ ಮಾತು ಬೆಳೆದು ಸ್ಮಿತಾ ಚೀರಿದಳು. "ಎರಡು ತಿಂಗಳು! ಎರಡು ತಿಂಗಳು ಇಟ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?"

ಮಹಾಂತೇಶ ತಲೆ ತಗ್ಗಿಸಿದ. ಆಗ ನೀಲವ್ವ ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಳ್ಳುತ್ತ, ಇಬ್ಬರ ನಡುವೆ ನಿಂತರು.

"ಅವಗ ಯಾಕ ಬೈತಿ? ಗಡ್ಡದ ಮಾತ ಸುಳ್ಳು. ನಮ್ಮ ಮನಿತನದಾಗ ಅಂಥಾ ಪದ್ಧತಿನ ಇಲ್ಲ. ಮುಖವಾಡ ಹಾಕ್ಕೊಳ್ಳಾಕ ಗಡ್ಡ ಇರಬಾರದು ಅಂತ ಇಂವಾ ಫೋನಿನ್ಯಾಗ ಹಿಂದಕ ಒಮ್ಮೆ ಅಂದಿದ್ದ. ಗಡ್ಡ ಇದ್ರ ಇವನ್ನ ಆ ದೂಳಿನಾಗ ಬಿಡೂದಿಲ್ಲ ಅಂತ ನಾನ ಕಟ್ಟಿ ಹೇಳಿದೆ. ದೇವರ ಆಣಿನೂ ಸುಳ್ಳ."

ಸ್ಮಿತಾ ಅವರನ್ನೇ ನೋಡಿದಳು. "ಅಂದ್ರೆ ಇಷ್ಟು ತಿಂಗಳೂ ನನ್ನ ಸುಮ್‌ಸುಮ್ನೆ ಹೆದರಿಸಿದ್ರಾ? ದಿನಾ ಭಯದಲ್ಲಿ ಸತ್ತಿದೀನಿ ನಾನು. ನಿಮ್ಮ ಮಗನ ಆರೋಗ್ಯಕ್ಕೆ ನನ್ನ ಮಗೂನ ಹೆಸರು ಬೇಕಿತ್ತಾ?"

"ಹೂಂ" ಎಂದರು ನೀಲವ್ವ. "ತಪ್ಪು ನಂದು."

ಮಹಾಂತೇಶ ಕೂತಲ್ಲೇ ಮುಖ ಮುಚ್ಚಿಕೊಂಡು ಅಳತೊಡಗಿದ. ಎಷ್ಟೋ ದಿನಗಳ ಮೇಲೆ ಸ್ಮಿತಾ ಎದ್ದು ಅವನ ಪಕ್ಕಕ್ಕೆ ಹೋಗಿ ಕೂತಳು. ಅತ್ತೆಯ ಕಡೆ ಬೆರಳು ತೋರಿಸಿ, "ಇವರು ಇಲ್ಲಿರಬಾರದು" ಎಂದಳು.

ನೀಲವ್ವನನ್ನು ಏರ್‌ಪೋರ್ಟಿಗೆ ಬಿಟ್ಟವಳು ನಾನೇ. ಫ್ರೀವೇಯಿಂದ ಗೋದಾಮಿನ ಜಾಗ ಕಾಣುತ್ತಿತ್ತು, ಬರಿಯ ಕಂಬಗಳು ಮಳೆಯಲ್ಲಿ ನೆನೆಯುತ್ತಿದ್ದವು. ನಾನು ತಡೆಯಲಾರದೆ ಕೇಳಿದೆ, "ಅಮ್ಮ, ಯಾಕೆ ಹಾಗೆ ಹೇಳಿದ್ರಿ? ಆ ಪದ್ಧತಿ ಎಲ್ಲಾ ಕಡೆ ಇದೆ. ನಮ್ಮ ಭಾವನೂ ಬಿಟ್ಟಿದ್ದ."

ನೀಲವ್ವ ಸೆರಗು ಸರಿಮಾಡಿಕೊಂಡರು. "ಬೈಗಳ ಎಲ್ಲ್ಯರ ಒಂದ್ ಕಡೆ ಇಳೀಬೇಕಲ್ಲವಾ ತಂಗಿ. ಅವನ ಮ್ಯಾಲೆ ಇಳದ್ರ ಸಂಸಾರ ಹೋಗತೈತಿ. ನಾ ಹೆಂಗೂ ಊರಿಗೆ ಹೊಂಟಾಕಿ. ನನ್ನ ಸಂಗಾಟ ಬರಲಿ." ಗೋದಾಮಿನ ಜಾಗ ದಾಟಿದ ಮೇಲೆ, "ದೇವರ ಆಣಿ ಸುಳ್ಳ ಅಂದೆ ನೋಡು, ಅದೊಂದು ನುಂಗಾಕ ಆಗವಲ್ದು" ಎಂದು ಅತ್ತರು. ಇಳಿಯುವಾಗ ನನ್ನ ಕೈ ಹಿಡಿದು, "ನೀ ಯಾವತ್ತೂ ಹೇಳಬ್ಯಾಡ" ಎಂದರು.

ಅವರು ಮತ್ತೆ ಇಲ್ಲಿಗೆ ಬರಲಿಲ್ಲ. ಗದಗದಲ್ಲಿ ಮಗಳ ಮನೆಯಲ್ಲಿದ್ದರು. ಮಹಾಂತೇಶ, ಸ್ಮಿತಾ ಡ್ಯಾನ್‌ವಿಲ್ಲಿಗೆ ಮನೆ ಬದಲಿಸಿದರು. ಮಕ್ಕಳಾಗಲಿಲ್ಲ. ಆದರೆ ಒಬ್ಬರನ್ನೊಬ್ಬರು ಬಿಟ್ಟಿರುವವರಲ್ಲ. ಸ್ಮಿತಾ ಅತ್ತೆಯೊಂದಿಗೆ ಒಂದು ಸಲವೂ ಮಾತಾಡಲಿಲ್ಲ. ಹಬ್ಬಕ್ಕೆ ಫೋನು ಬಂದರೆ ಗಂಡನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದಳು. ಮಗನೂ ಬರಬರುತ್ತ ಎರಡು ಮಾತಿಗೆ ಮುಗಿಸುತ್ತಿದ್ದ.

ನಾನು ಲ್ಯಾಬಿನ ಮುಂದೆ ಕಾರಿನಲ್ಲಿ ಕೂತು ಇದನ್ನೆಲ್ಲ ನೆನೆದ ಮೇಲೆ ಎರಡು ವಾರವೂ ಕಳೆದಿರಲಿಲ್ಲ, ನೀಲವ್ವ ತೀರಿಕೊಂಡ ಸುದ್ದಿ ಬಂತು. ಮಹಾಂತೇಶ ಒಬ್ಬನೇ ಹೋದ. ಅವನು ತಿರುಗಿ ಬರುವ ಹಿಂದಿನ ದಿನ ಸ್ಮಿತಾ ಫೋನು ಮಾಡಿದಳು. ನಾಳೆ ಇವರು ಬರುತ್ತಾರೆ, ಏರ್‌ಪೋರ್ಟಿಗೆ ತಾನೇ ಹೋಗುತ್ತೇನೆ, ಎಷ್ಟು ಸೊರಗಿರುತ್ತಾರೋ ಏನೋ ಎಂದಳು.

"ನಾನು ಹೋಗ್ಲಿಲ್ಲ ಅಕ್ಕ. ಅಷ್ಟು ದೊಡ್ಡ ಸುಳ್ಳು ಹೇಳಿದೋರನ್ನ ಕ್ಷಮಿಸೋಕೆ ಆಗ್ಲಿಲ್ಲ. ತಪ್ಪು ಮಾಡಿದ್ನಾ?"

ನೀಲವ್ವ ಕಾರಿನಲ್ಲಿ ಹೇಳಿದ್ದು ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ಹಿಡಿದೆ.

"ಇಲ್ಲಮ್ಮ" ಎಂದೆ. "ಅವರು ಹಾಗೆ ಮಾಡಬಾರದಿತ್ತು."